ಸೋಸುಬಟ್ಟೆಯ ಮೆಂಬರಮ್ಮ

ಬಾಯಾರಿಕೆ ಎಷ್ಟೇ ಇರಲಿ, ಸುಶೀಲಮ್ಮ ನೀರನ್ನು ಸೋಸದೆ ಕುಡಿದವರಲ್ಲ. ಜೈನರ ಮನೆಯಾಕೆ, ವಾರ್ಡಿನ ಮೆಂಬರು, ಮಕ್ಕಳ ರಕ್ಷಣಾ ಸಮಿತಿಗೂ ಅವರೇ ಅಧ್ಯಕ್ಷೆ. ತೋಳಚೀಲದಲ್ಲಿ ಸಮಿತಿಯ ಕಾಗದಗಳ ಮೇಲೆ ಬಿಳಿಯ ಬಟ್ಟೆಯೊಂದು ಮಡಿಕೆ ಕೆಡದೆ ಕುಳಿತಿರುತ್ತಿತ್ತು. ಎಡಗಾಲನ್ನು ತುಸು ಎಳೆದು, ಇರುವೆ ಸಾಲು ಕಂಡಲ್ಲಿ ನಿಂತು, ಬಳಸಿ ನಡೆಯುವ ಅವರ ನಿಧಾನಕ್ಕೆ, ಅವರನ್ನು ಮಲಯಾಳದಲ್ಲಿ ಅಕ್ಕನೆಂದು ಕರೆಯುವ ಅಂಗನವಾಡಿಯ ಶೋಭ, "ಚೇಚ್ಚಿ, ನೀವು ಮುಟ್ಟೋದ್ರೊಳಗೆ ಮಕ್ಕಳಿಗೆ ಮದ್ವೆ ಆಗೋಗ್ತದೆ" ಎಂದು ನಗುತ್ತಿದ್ದಳು.

ಪೊನ್ಕುಳಿ ಊರಿನಾಚೆ ಕಾಡಂಚಿನ ಬುಡಕಟ್ಟಿನ ಹಾಡಿಗೆ, ಎಂಟನೆಯ ತರಗತಿಯ ಅಖಿಲ ಹಾಸ್ಟೆಲು ಬಿಟ್ಟು ಬಂದಿದ್ದಳು. ಕಾಫಿ ಕೊಯ್ಲಿಗೆ ಕೊಡಗಿಗೆ ಹೊರಟಿದ್ದ ಗುಂಪಿನೊಡನೆ ಅವಳನ್ನೂ ಕರೆದೊಯ್ಯಲು ಅಜ್ಜ ಚೆನ್ನ ನಿಶ್ಚಯಿಸಿದ್ದ. ಹೋದರೆ ಶಾಲೆ ಮುಗಿದಂತೆಯೇ. ತಡೆಯಲೆಂದು ಬಂದ ಸುಶೀಲಮ್ಮನ ಮುಂದೆ ಅಜ್ಜಿ ನೀಲಿಯು ಜೇನು ಇಟ್ಟಳು, ಸುಟ್ಟ ಗೆಣಸು ಇಟ್ಟಳು. ಎರಡನ್ನೂ ಅವರು ಕೈಮುಗಿದು ಬೇಡವೆಂದರು.

"ಜೇನು ಬ್ಯಾಡ, ಗೆಣಸು ಬ್ಯಾಡ. ನಮ್ಮ ಕೂಸು ಮಾತ್ರ ಬೇಕಾ ಮೆಂಬರಮ್ಮಂಗೆ?" ಎಂದ ಚೆನ್ನ.

"ನಮ್ಮವ್ವನ ಮನೇಲೂ ತಿನ್ನಲ್ಲ ಚೆನ್ನಣ್ಣ, ವ್ರತ. ನೀರು ಕೊಡು, ಕುಡೀತೀನಿ."

ನೀರಿನ ಜೊತೆಗೇ ಬಟ್ಟೆಯೂ ಹೊರಬಂತು. "ನಮ್ಮ ವೆಳ್ಳ ಅಷ್ಟು ಕೊಳಕಾ?" ಎಂದು ನೀರಿನತ್ತ ಕೈತೋರಿ ನೀಲಿ ಮುಖ ತಿರುಗಿಸಿದಳು.

"ನಮ್ಮ ಬಾವೀದಕ್ಕೂ ಇದೇ ಗತಿ ನೀಲಕ್ಕ."

ಸೋಸಿ ಕುಡಿದ ಸುಶೀಲಮ್ಮ, ನೀರು ತಂದ ತೋಡು ಯಾವುದೆಂದು ಕೇಳಿ, ಕಾಲೆಳೆಯುತ್ತ ಅಲ್ಲಿಗಿಳಿದು, ಬಟ್ಟೆಯನ್ನು ಮಗುಚಿ ಅದೇ ನೀರಿನಲ್ಲಿ ಜಾಲಿಸಿದರು. ಬಟ್ಟೆಗಂಟಿದ ಸೂಕ್ಷ್ಮಜೀವಗಳು ತಮ್ಮ ನೀರಿಗೇ ಮರಳಬೇಕೆಂಬುದು ಅವರ ಮನೆತನದ ನೇಮ.

ಹಿಂದೆಯೇ ಬಂದ ಚೆನ್ನ ಬಹಳ ಹೊತ್ತು ನೋಡಿ ಕೇಳಿದ: "ಹುಳಾನೂ ಅದರ ನೀರಿಗೇ ಬಿಡ್ತೀಯ. ನಮ್ಮ ಕೂಸು ಹಾಸ್ಟೆಲಲ್ಲಿ ದಿನಾ ಅಳ್ತಿತ್ತು. ಅದನ್ನ ಮತ್ತೆ ಅಲ್ಲಿಗೇ ಹಾಕಬೇಕಾ?"

ಸುಶೀಲಮ್ಮ ಬಟ್ಟೆ ಹಿಂಡಿಕೊಂಡು ಹಾಡಿಗೆ ಮರಳಿದರು. ಅಖಿಲಳ ಪಕ್ಕ ಕುಳಿತು, "ನೀ ಹೇಳು ಮೋಳೆ" ಎಂದು ಮಗಳನ್ನು ಕೇಳುವಂತೆ ಕೇಳಿದರು.

"ಇಸ್ಕೂಲು ಬೇಕು. ಸಂಜೆ ಮನೇಗೆ ಬರಬೇಕು."

ಪಂಚಾಯತಿಯ ಸಭೆಯಲ್ಲಿ ಎಲ್ಲರೂ ಹಾಸ್ಟೆಲೆಂದರು. ಸುಶೀಲಮ್ಮ ಮಾತ್ರ, ಮಕ್ಕಳು ಶಾಲೆಗೆ ಹೋಗಿ ಬರಲು ಹಾಡಿಗೊಂದು ಜೀಪು ಎಂದರು. ಪ್ರತಿ ಆಕ್ಷೇಪಕ್ಕೂ ಅದೇ ಮೆಲುದನಿ, ಅದೇ ಜೀಪು. ಹೊತ್ತು ಮುಳುಗಿತು, ಮುಳುಗಿದ ಮೇಲೆ ಉಣ್ಣದ ಅವರಿಗೆ ಅಂದು ಉಪವಾಸವೇ. ಆದರೂ ಏಳಲಿಲ್ಲ. ಕೊನೆಗೆ ಪಂಚಾಯತಿ ಅಧ್ಯಕ್ಷ ಸುಧೀಶನೇ ಸೋತ: "ಜೀಪು ಬರ್ತದೆ ಚೇಚ್ಚಿ. ನಾಳೆಯಾದ್ರೂ ಹೊತ್ತಿಗೆ ಸರಿಯಾಗಿ ಉಣ್ಣಿ."

ಕೊಡಗಿನ ಗುಂಪು ಅಖಿಲಳಿಲ್ಲದೆ ಹೊರಟಿತು. ಈಗ ಸಂಜೆ ಜೀಪಿನ ಸದ್ದಾದರೆ ನೀಲಿ ಅಂಗಳಕ್ಕೆ ಬರುತ್ತಾಳೆ. ಮೆಂಬರಮ್ಮ ಬರುವ ದಿನ ಅವಳ ಮಡಿಲಲ್ಲಿ, ಅವರ ವ್ರತಕ್ಕೂ ಒಗ್ಗುವ ನೆಲ್ಲಿಕಾಯಿ ಇರುತ್ತದೆ.

ನೇಮದಲ್ಲಿ ಬಿಗಿಯಾದವರು ಸಾಮಾನ್ಯವಾಗಿ ಪರರಿಗೂ ಬಿಗಿ. ಅಪರೂಪಕ್ಕೆ ಕೆಲವರು ಸಿಗುತ್ತಾರೆ: ತಮ್ಮ ನೇಮದಿಂದಲೇ ಮೆದುವಾದವರು, ಯಾವ ಜೀವ ಯಾವ ನೀರಿನದೆಂದು ಮೊದಲು ಕೇಳುವವರು.