ಐದನೇ ಸಾಲಿನ ತಪ್ಪು

ಇಪ್ಪತ್ತೆರಡು ವರ್ಷ ಕಂಪ್ಯೂಟರ್ ಪಾಠ ಹೇಳಿದ ಪ್ರೊಫೆಸರಮ್ಮನಿಗೆ ಒಂದು ಚಾಳಿಯಿತ್ತು. ದಿನಕ್ಕೊಂದು ತಪ್ಪನ್ನು ಬೇಕಂತಲೇ ಬೋರ್ಡಿನ ಮೇಲೆ ಬರೆಯುವುದು. ಹಿಡಿದವರಿಗೆ ಡಬ್ಬಿಯಿಂದ ಒಂದು ಪೆಪ್ಪರಮೆಂಟು! ಹುಡುಗರು ಮೈಯೆಲ್ಲ ಕಣ್ಣಾಗಿ ಕೂರುತ್ತಿದ್ದರು. ತರಗತಿ ಅನ್ನೋದು ಸಂತೆಯಾಗುತ್ತಿತ್ತು. ಆಕೆಗೂ ಅದೇ ಬೇಕಿತ್ತು.

ಆಮೇಲೆ ಒಂದು ಸಂಶೋಧನಾ ಕೇಂದ್ರದವರು ಮುಖ್ಯಸ್ಥೆಯಾಗಿ ಬನ್ನಿ ಅಂದರು. ನಲವತ್ತು ಜನ, ಗಾಜಿನ ಕೋಣೆ, ತಿರುಗುವ ಕುರ್ಚಿ. ಕೆಲಸವೂ ಅಂತಿಂಥದ್ದಲ್ಲ, ಆಂಬುಲೆನ್ಸಿಗೆ ಬೇಗ ತಲುಪುವ ದಾರಿ ಹುಡುಕಿಕೊಡುವ ಪ್ರೋಗ್ರಾಮು. ಪ್ರೊಫೆಸರಮ್ಮ ಡಬ್ಬಿ ಸಮೇತ ಹೋದರು. ಮೊದಲ ಸಭೆಯಲ್ಲೇ ಬೋರ್ಡಿನ ಮೇಲೆ ಒಂದು ಭಾರಿ ತಪ್ಪು ಬರೆದು ಕೈಕಟ್ಟಿ ನಿಂತರು.

"ಅದ್ಭುತ ಮೇಡಂ!" ಅಂದವು ನಲವತ್ತು ಬಾಯಿಗಳು. ಅದನ್ನೇ ಬರೆದುಕೊಂಡು ಕೆಲಸಕ್ಕೆ ಹೊರಟವರನ್ನು ಆಕೆ ಬಾಗಿಲಲ್ಲಿ ಅಡ್ಡಗಟ್ಟಬೇಕಾಯಿತು. "ತಲೆಯಾಡಿಸಬೇಡ್ರಪ್ಪಾ, ತಪ್ಪು ಹಿಡೀರಿ" ಅಂದರೆ, ಅಯ್ಯೋ, ಅದಕ್ಕೂ ತಲೆಯಾಡಿಸಿದರು! ಹಿಂದಿನ ಮುಖ್ಯಸ್ಥರ ಮುಂದೆ ಬಾಯಿಬಿಟ್ಟವರಿಗೆ ಮಂಗಳಾರತಿಯಾಗುತ್ತಿತ್ತಂತೆ. ಒಮ್ಮೆ ಹಾಗೆ ಬೈಸಿಕೊಂಡ ಹಿರಿಯ ಎಂಜಿನಿಯರೊಬ್ಬರು ಒಂಬತ್ತು ವರ್ಷದಿಂದ ಸಭೆಯಲ್ಲಿ ತುಟಿಪಿಟಿಕ್ ಅಂದಿರಲಿಲ್ಲ. ಅವರ ಹೆಸರೇ ‘ಮೌನಿ’ ಅಂತಾಗಿಹೋಗಿತ್ತು.

"ನಾನು ತಪ್ಪಿದ್ರೆ ಹೇಳೋರಿಲ್ಲ ಅಂದ್ಮೇಲೆ ಯಾವತ್ತೋ ಯಾರದ್ದೋ ಜೀವಕ್ಕೆ ಕುತ್ತು ಬರತ್ತೆ ರೀ" ಅಂದರು ಗಂಡನ ಹತ್ತಿರ. "ಮೂರು ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಪಾಠಕ್ಕೇ ವಾಪಸ್."

ದಿನಕ್ಕೊಂದು ತಪ್ಪು ಬರೆಯುತ್ತಲೇ ಮೂರು ತಿಂಗಳು ಮುಗಿಯಿತು. ಪೆಪ್ಪರಮೆಂಟುಗಳು ಒಂದಕ್ಕೊಂದು ಅಂಟಿಕೊಂಡವು. ಕೊನೆಯ ದಿನ ಕೈಚೀಲದಲ್ಲಿ ರಾಜೀನಾಮೆ ಪತ್ರ ಇಟ್ಟುಕೊಂಡೇ ಆಕೆ ಬೋರ್ಡಿನ ಮೇಲೆ ಐದು ಸಾಲು ಬರೆದರು. ಐದನೆಯದು ಬೇಕಂತಲೇ ಹಾಕಿದ ತಪ್ಪು: ಪ್ರೋಗ್ರಾಮಿಗೆ ಕಲಿಸಲು ಕೊಟ್ಟ ಲೆಕ್ಕಗಳನ್ನೇ ಪರೀಕ್ಷೆಗೂ ಕೊಡುವುದು. ಹಾಗೆ ಕೊಟ್ಟರೆ ಯಾರಿಗೆ ತಾನೇ ನೂರಕ್ಕೆ ನೂರು ಬರಲ್ಲ?

ಎಲ್ಲರೂ ತಲೆಯಾಡಿಸಿದರು. ಆಕೆ ಕೈಚೀಲದತ್ತ ಕೈಚಾಚಿದರು. ಮುಗೀತು ಅನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಕೆಮ್ಮು ಕೇಳಿಸಿತು.

"ಮೇಡಂ, ಮೂರನೇ ಸಾಲು ತಪ್ಪು" ಅಂದರು ಮೌನಿ.

"ಮೂರನೇದಾ? ಐದನೇದಲ್ವಾ?"

"ಐದನೇದೂ ತಪ್ಪೇ. ಅದು ನೀವು ಬೇಕಂತ ಹಾಕಿದ್ದು, ದಿನಾ ನೋಡ್ತಿದೀನಲ್ಲ. ಆದ್ರೆ ಮೂರನೇದು ನಿಜವಾದ ತಪ್ಪು. ಆಸ್ಪತ್ರೆಯಿಂದ ಹೋದ ದಾರೀಲೇ ವಾಪಸ್ ಬರಬಹುದು ಅಂದ್ಕೊಂಡಿದೀರಿ. ನಡುವೆ ಒನ್‌ವೇ ಇದ್ರೆ? ರೋಗಿಯನ್ನ ಕೂರಿಸ್ಕೊಂಡು ಗಾಡಿ ಅಲ್ಲೇ ಸಿಕ್ಕಿಹಾಕ್ಕೊಳ್ಳತ್ತೆ."

ಎಲ್ಲರೂ ಮೂರನೇ ಸಾಲಿನತ್ತ ತಿರುಗಿದರು. ಇಪ್ಪತ್ತೆರಡು ವರ್ಷ ಅದೇ ಪಾಠ ಹೇಳಿದ ಪ್ರೊಫೆಸರಮ್ಮನ ಮುಖ ಕೆಂಪಾಯಿತು. ಆಮೇಲೆ ಆಕೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು! ಎಷ್ಟು ಖುಷಿಯಾಗಿತ್ತೆಂದರೆ ಇಡೀ ಡಬ್ಬಿಯನ್ನೇ ಮೌನಿಯ ಕೈಗಿಟ್ಟುಬಿಟ್ಟರು.

"ಎರಡನೇದ್ರಲ್ಲೂ ನಂಗೊಂದು ಅನುಮಾನ ಮೇಡಂ!" ಅಂತ ಇನ್ನೊಬ್ಬಳು ಎದ್ದಳು. ಸಂತೆ ಶುರುವಾಯಿತು.

"ಆ ರಸ್ತೆ ಬಿಡಿಸಿ ತೋರಿಸ್ತೀನಿ, ಒಂದು ಹಾಳೆ ಇದ್ಯಾ?" ಅಂದರು ಮೌನಿ. ಪ್ರೊಫೆಸರಮ್ಮ ಕೈಚೀಲದಿಂದ ರಾಜೀನಾಮೆ ಪತ್ರ ತೆಗೆದು, ಮಗುಚಿ, ಖಾಲಿ ಬದಿ ಮೇಲೆ ಮಾಡಿ ಅವರ ಮುಂದಿಟ್ಟರು.

ಸಂಜೆ ಮನೆಗೆ ಹೋಗಿ ಎಲ್ಲ ಹೇಳಿದಾಗ ಗಂಡ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಮೂವತ್ತು ವರ್ಷದಿಂದ ನಿನ್ನ ತಪ್ಪು ಹಿಡೀತಾ ಇದೀನಿ ಮಾರಾಯ್ತಿ. ಎಲ್ಲಿ ನನ್ನ ಪೆಪ್ಪರಮೆಂಟು?"