ಪಿಡಿಎಫ್ ನಡೆಯಲ್ಲ

“ಪಿಡಿಎಫ್ ತಂದಿದಾಳೆ ನೋಡು, ದೊಡ್ಡ ಆಫೀಸರಮ್ಮ!” ಮೇಸ್ತ್ರಿ ನನ್ನ ಫೋನನ್ನು ಮೇಜಿನ ಮೇಲೆ ತಳ್ಳಿದ. “ಬಟ್ಟೆ ಒಗೆಯೋ ಮುಂಡೇದಕ್ಕೆ ಎಷ್ಟು ದೌಲತ್ತು! ವರ್ಡಲ್ಲಿ ತಾ ಅಂತ ಬಡ್ಕೊಂಡಿರ್ಲಿಲ್ವಾ?”

ಬಡಿದುಕೊಂಡಿದ್ದ. ಆಸ್ಪತ್ರೆಗಳ ಬಟ್ಟೆ ಒಗೆಯುವ ಈ ಲಾಂಡ್ರಿಯಲ್ಲಿ ಕೆಲಸ ಬೇಕೆಂದರೆ ರೆಸ್ಯೂಮ್ ವರ್ಡ್ ಫೈಲಿನಲ್ಲೇ ಇರಬೇಕು. ಅಕ್ಕನೂ ಹಾಗೇ ಕೊಟ್ಟಿದ್ದಳು. ಟೈಪಿಂಗ್ ಅಂಗಡಿಯಲ್ಲಿ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಒಗೆಯುವುದು, ಹಿಂಡುವುದು, ಇಸ್ತ್ರಿ ಮಾಡುವುದು, ಇಷ್ಟೇ ಬರೆಸಿದ್ದು. “ಕಲೆ ತೆಗೆಯೋದು ಅಂತಾನೂ ಹಾಕಿ, ರಕ್ತ ಆದ್ರೂ ಬಿಡಿಸ್ತೀನಿ” ಎಂದು ನಕ್ಕಿದ್ದಳು.

ಆಮೇಲೆ ಬಾಯ್ಲರ್ ನೋಡಿಕೊಳ್ಳುತ್ತಿದ್ದವನನ್ನು ಕೆಲಸದಿಂದ ಬಿಡಿಸಿ, ಅವಳನ್ನೇ ಅಲ್ಲಿ ನಿಲ್ಲಿಸಿದರು. ಬಾಯ್ಲರ್ ಸಿಡಿದು ಸತ್ತಳು. ವಿಚಾರಣೆಗೆ ಬಂದ ಅಧಿಕಾರಿ ಅವಳ ಫೈಲನ್ನು ಗಟ್ಟಿಯಾಗಿ ಓದಿದ. ‘ಬಾಯ್ಲರ್ ನಡೆಸಿದ ಅನುಭವವಿದೆ’ ಎಂದಿತ್ತು. ಗೊತ್ತಿದ್ದವಳೇ ಎಡವಿದ್ದಾಳೆ, ಕಂಪನಿಯ ಹೊಣೆಯಿಲ್ಲ ಎಂದು ಎದ್ದು ಹೋದ.

ಅಂದಿನಿಂದ ಅಕ್ಕ ನನ್ನನ್ನು ಬಿಟ್ಟಿಲ್ಲ. ಮನೆಯಲ್ಲಿ ನೀರು ಕುದಿದರೆ ಸಾಕು, ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಮೈಯೆಲ್ಲ ಬೊಬ್ಬೆ. “ನಾನು ಬರೆಸಿರ್ಲಿಲ್ಲ ಕಣೇ” ಅನ್ನುತ್ತಾಳೆ. ಗೊತ್ತು ಅಂದರೂ ಹೋಗುವುದಿಲ್ಲ. ಎತ್ತಿ ಆಡಿಸಿದ ಅಕ್ಕನನ್ನು ಕಂಡರೆ ಈಗ ನನಗೆ ಭಯ. ಅವಳನ್ನು ಹಾಗೆ ಮಾಡಿದನಲ್ಲ, ಈ ಮೇಸ್ತ್ರಿಯನ್ನು ಸಿಗಿದು ಹಾಕಬೇಕು ಅನಿಸುತ್ತದೆ.

ಆದರೂ ಇಲ್ಲಿಗೇ ಬಂದೆ. ಬೇರೆಲ್ಲೂ ಕೆಲಸವಿಲ್ಲ, ಅಕ್ಕ ಬಿಟ್ಟುಹೋದ ಮಗುವಿನ ಹಸಿವು ಕಾಯುವುದಿಲ್ಲ. ಟೈಪಿಂಗ್ ಅಂಗಡಿಯವಳು, “ವರ್ಡಲ್ಲಿ ಕೊಟ್ರೆ ಯಾರು ಬೇಕಾದ್ರೂ ಕೈಯಾಡಿಸ್ತಾರೆ. ಪಿಡಿಎಫ್ ಆದ್ರೆ ಆ ಮೇಸ್ತ್ರಿಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ” ಎಂದು ಮಾಡಿಕೊಟ್ಟಿದ್ದಳು.

“ಓದೋಕೆ ಬರುತ್ತಲ್ಲ ಸಾರ್, ಏನು ತೊಂದ್ರೆ?” ಎಂದೆ.

“ತಿದ್ದೋಕೆ ಬರಲ್ವಲ್ಲೇ!”

ಬಾಯಿತಪ್ಪಿ ಬಂದಿತ್ತು. ಅವನು ಬಾಗಿಲ ಕಡೆ ನೋಡಿದ.

“ನಮ್ಮಕ್ಕಂದು ತಿದ್ದಿದ ಹಾಗಾ, ಬೇವರ್ಸಿ?”

“ಹೋಗೇ ಆಚೆ! ವರ್ಡಲ್ಲಿ ಕೊಡೋರು ಸಾಲಾಗಿ ನಿಂತಿದಾರೆ.”

ನಿಂತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತು ಎಲ್ಲ ಹೇಳಿದೆ. ಅಕ್ಕ ಏನು ಬರೆಸಿದ್ದಳು, ವಿಚಾರಣೆಯಲ್ಲಿ ಏನು ಓದಿದರು, ಕೊನೆಗೆ ಮನೆಗೆ ಏನನ್ನು ಸುತ್ತಿ ತಂದರು. ಗಂಟಲು ಹರಿಯುವ ಹಾಗೆ ಹೇಳಿದೆ. ಕೆಲವರು ಫೋನು ಚೀಲಕ್ಕೆ ಹಾಕಿಕೊಂಡು ಹಿಂದೆ ತಿರುಗಿದರು. ಅಮ್ಮನ ವಯಸ್ಸಿನವಳೊಬ್ಬಳು ಮಾತ್ರ ಕದಲಲಿಲ್ಲ. ಹತ್ತಿರ ಬಂದು ನನ್ನ ಕೆನ್ನೆ ಸವರಿದಳು.

“ನಂದೂ ವರ್ಡೇ ಮಗಳೇ. ಮನೇಲಿ ಒಲೆ ಹತ್ತಿಲ್ಲ. ದಾರಿ ಬಿಡು.”

ನಾನು ಬಿಡಲಿಲ್ಲ.