ಬೆಗಾಯಿಮಳ ತೂಕ

ಬೆಗಾಯಿಮ್ ಸರಿಯಾಗಿ ಬಾಯಿ ಬಿಟ್ಟು ಮೂರು ವಾರವಾಗಿತ್ತು. ಐದು ವರ್ಷದ ಹುಡುಗಿ. ಚಹಾದಲ್ಲಿ ನೆನೆಸಿದ ರೊಟ್ಟಿಯನ್ನು ತುಟಿಯ ಸಂದಿಯಿಂದ ತುರುಕಿದರೆ ನುಂಗುತ್ತಿದ್ದಳು, ಇಲ್ಲದಿದ್ದರೆ ಅದೂ ಇಲ್ಲ. ಎಡಗೆನ್ನೆ ಊದಿತ್ತು, ಮೈ ಸುಡುತ್ತಿತ್ತು. ಅವಳನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಪಕ್ಕ ಕೂತ ತಾಯಿ ಬೂರುಲ್‌ಗೆ ದಿಕ್ಕೇ ತೋಚುತ್ತಿರಲಿಲ್ಲ.

"ಬಾಯಿ ಬಿಡು ಕಂದಾ, ನೋಡ್ತೀನಿ ಅಷ್ಟೇ."

ಬೆಗಾಯಿಮ್ ಬಾಯಿಗೆ ಕೈ ಅಡ್ಡ ಹಿಡಿದು, ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡಳು. ಯಾಕೆಂದು ಬೂರುಲ್‌ಗೆ ಗೊತ್ತಿತ್ತು. ಹೋದ ವಸಂತದಲ್ಲಿ ಬಲಗಡೆಯ ಹಲ್ಲನ್ನು ಕೊರೆದು ಬೇರಿನ ಚಿಕಿತ್ಸೆ ಮಾಡುವಾಗ ಆ ಕಾಲುಗಳನ್ನು ಒತ್ತಿ ಹಿಡಿದವಳು ಅವಳೇ.

ಅಂದು ಊರಿಗೆ ಬಂದಿದ್ದ ಹಲ್ಲಿನ ಡಾಕ್ಟರು ಮೊದಲು ಕೇಳಿದ್ದು ಮಗುವಿನ ತೂಕ. ಬೂರುಲ್‌ಳ ಅತ್ತೆ ತುರ್ಸುನ್ ಕೆಂಡವಾದಳು. ಕುರಿಯನ್ನು ಕಣ್ಣಲ್ಲೇ ನೋಡಿ ತೂಕ ಹೇಳುವುದರಲ್ಲಿ ಆ ಕಣಿವೆಗೇ ಹೆಸರಾದವಳು ಅವಳು.

"ಮಾರೋ ಕುರೀನ ತೂಗ್ತಾರೆ, ಮಗೂನ ತೂಗ್ತಾರಾ? ಕಣ್ಣು ಬೀಳುತ್ತೆ. ಇಪ್ಪತ್ತು ಕಿಲೋ ಇದಾಳೆ, ಬರಕೋ!"

"ತೂಕ ಸರಿಯಾಗಿ ಗೊತ್ತಿಲ್ಲದೆ ನೋವು ಗೊತ್ತಾಗದ ಹಾಗೆ ಮಾಡೋ ಸೂಜಿಮದ್ದು ಹಾಕೋಕಾಗಲ್ಲ ಅಜ್ಜಿ."

"ಹಾಕಬೇಡ. ನನಗೂ ಹಾಗೇ ಕೊರೆದರು. ಸತ್ತೆನಾ?"

ಡಾಕ್ಟರಿಗೆ ಅವಸರ. ಸೂಜಿಯಿಲ್ಲದೆಯೇ ಕೊರೆದರು. ಮಾಡಬಾರದಿತ್ತು. ಆ ಚೀರಾಟ ಬೂರುಲ್‌ಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಈಗ ಎಡಗಡೆಯ ಹಲ್ಲು ಹುಳುಕಾಗಿ ಕೀವು ತುಂಬಿದರೂ ಮಗು ಯಾರಿಗೂ ತೋರಿಸಲೊಲ್ಲದು.

ಅಷ್ಟರಲ್ಲಿ ಊರಿನ ನರ್ಸ್ ಅನಾರ್ಕುಲ್ ತೂಕದ ಯಂತ್ರ ಹಿಡಿದೇ ಒಳಗೆ ಬಂದಳು.

"ತಗೊಂಡು ಹೋಗೇ ಅದನ್ನ," ಎಂದಳು ತುರ್ಸುನ್. "ಸೂಜಿಮದ್ದು ತಲೆಗೇರಿ ಬುದ್ಧಿ ಮಂಕಾಗುತ್ತೆ."

"ಇಲ್ಲ ಅಪಾ," ಎಂದು ಹಿರಿಯಳನ್ನು ಕರೆಯುವ ಹಾಗೇ ಕರೆದಳು ಅನಾರ್ಕುಲ್. "ಆ ಜಾಗ ಮಾತ್ರ ಮರಗಟ್ಟೋದು. ಮದ್ದಲ್ಲಿ ನಾಲ್ಕಾರು ಬಗೆ ಇದೆ. ಬಹಳ ಹೊತ್ತು ಮರಗಟ್ಟಿಸಿಡೋ ಬಗೆ ಮಕ್ಕಳಿಗೆ ಬೇಡ. ಲಿಡೊಕೇನ್ ಅಂತ ಇದೆ, ಚಿಕ್ಕವರಿಗೆ ಹೆಚ್ಚಾಗಿ ಅದನ್ನೇ ಹಾಕ್ತಾರೆ. ಆದ್ರೆ ಎಷ್ಟು ಹಾಕಬೇಕು ಅನ್ನೋದು ತೂಕದ ಮೇಲೆ. ನೀವು ಅವತ್ತು ಹೇಳಿದ ಇಪ್ಪತ್ತು ಕಿಲೋ ನಂಬಿ ಹಾಕಿ, ಅದು ಹೆಚ್ಚಾದ್ರೆ ಜೀವಕ್ಕೇ ಅಪಾಯ."

"ನನ್ನ ಕಣ್ಣು ಸುಳ್ಳು ಹೇಳುತ್ತಾ?"

"ನಿಮ್ಮ ಕಣ್ಣು ಕುರಿಗೆ ಸರಿ ಅಪಾ. ಈ ದಪ್ಪ ಕೋಟಿನೊಳಗೆ ಏನು ಉಳಿದಿದೆ ಅಂತ ಅದಕ್ಕೇನು ಗೊತ್ತು? ಮಗೂನ ತೂಗೋದೇ ಬೇಡ. ಬೂರುಲ್, ಕೋಟು ಬಿಚ್ಚಿ ಎತ್ಕೊಂಡು ನೀನು ನಿಲ್ಲು. ಆಮೇಲೆ ಒಬ್ಬಳೇ ನಿಲ್ಲು. ಕಳೆದರಾಯ್ತು."

ತುರ್ಸುನ್ ಬೇಡವೆನ್ನಲಿಲ್ಲ. ಬೂರುಲ್ ಎರಡು ಸಲ ನಿಂತಳು. ಅನಾರ್ಕುಲ್ ಬಾಯಲ್ಲೇ ಲೆಕ್ಕ ಮಾಡಿದಳು.

"ಹದಿನಾಲ್ಕು."

ತುರ್ಸುನ್ ಮೊಮ್ಮಗಳ ತೋಳನ್ನು ಮುಟ್ಟಿ ನೋಡಿದಳು. "ಕರ್ಕೊಂಡು ಹೋಗು," ಎಂದಳು.

ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು ತೂಕ ಬರೆದುಕೊಂಡರು. ಹೃದಯದ ಕಾಯಿಲೆ ಇದೆಯೇ, ಹಿಂದೆ ಯಾವುದಾದರೂ ಮದ್ದಿಗೆ ದದ್ದು ಎದ್ದಿತ್ತೇ ಎಂದು ಕೇಳಿದರು. ಮಗು ಬಾಯಿ ಬಿಡಲು ಒಂದು ಗಂಟೆಯೇ ಹಿಡಿಯಿತು. ವಸಡಿಗೆ ಮೊದಲು ಮರಗಟ್ಟಿಸುವ ಮುಲಾಮು ಸವರಿ, ಆಮೇಲೆ ಸೂಜಿ ಹಾಕಿದರು. ಬೂರುಲ್ ಕಾಲು ಹಿಡಿಯಲಿಲ್ಲ, ಕೈ ಹಿಡಿದಳು.

ಆದರೂ ಮಗು ನರಳಿತು. "ಕೀವು ತುಂಬಿದ ಕಡೆ ಮದ್ದು ಸರಿಯಾಗಿ ಹತ್ತಲ್ಲಮ್ಮ," ಎಂದರು ಡಾಕ್ಟರು. "ಇನ್ನೂ ಸ್ವಲ್ಪ ಹಾಕ್ತೀನಿ. ಈ ತೂಕಕ್ಕೆ ಅದಕ್ಕಿಂತ ಹೆಚ್ಚು ಹಾಕೋ ಹಾಗಿಲ್ಲ. ಮೂರು ವಾರ ಮುಂಚೆ ಬಂದಿದ್ರೆ ಬೇರಿನ ಚಿಕಿತ್ಸೆ ಮಾಡಿ ಹಲ್ಲು ಉಳಿಸಬಹುದಿತ್ತು."

ಹಲ್ಲು ಉಳಿಯಲಿಲ್ಲ, ಕೀಳಬೇಕಾಯಿತು. ಜ್ವರಕ್ಕೂ ಊತಕ್ಕೂ ಬೇರೆ ಔಷಧಿ ಕೊಟ್ಟು ಕಳಿಸಿದರು.

ಮನೆಯಲ್ಲಿ ತುರ್ಸುನ್ ಎಂದಿನಂತೆ ಜೇಬಿನಿಂದ ಒಣಮೊಸರಿನ ಗಟ್ಟಿ ಉಂಡೆ ತೆಗೆದಳು. ಮರಗಟ್ಟಿದ ತುಟಿಯನ್ನು ಮಗು ಅರಿವಿಲ್ಲದೆ ಕಚ್ಚಿಕೊಳ್ಳುತ್ತದೆ, ಮರಗಟ್ಟಿದ್ದು ಪೂರ್ತಿ ಇಳಿಯುವ ತನಕ ಏನೂ ಅಗಿಯಲು ಕೊಡಬಾರದು ಎಂದು ಸೊಸೆ ಹೇಳಿದಳು. ಮುದುಕಿ ಉಂಡೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಅತ್ತಳು.

"ಅಮ್ಮಾ," ಎಂದಳು ಬೆಗಾಯಿಮ್, ಓರೆಯಾದ ಬಾಯಲ್ಲಿ. "ಇವತ್ತು ನೀನು ಕಾಲು ಹಿಡೀಲಿಲ್ಲ."

ಬೂರುಲ್ ಆ ಪುಟ್ಟ ಕೈಯನ್ನು ಮತ್ತೆ ಹಿಡಿದುಕೊಂಡಳು.

ಓದುತ್ತಿರುವ ಅಮ್ಮಂದಿರೇ, ಅಜ್ಜಿಯರೇ, ಮಗುವಿನ ಹಲ್ಲು ನೋಯತೊಡಗಿದರೆ ಊದುವ ತನಕ ಕಾಯಬೇಡಿ. ಸೂಜಿಮದ್ದು ಬೇಡವೆನ್ನಬೇಡಿ. ಯಾವ ಮದ್ದು, ಎಷ್ಟು ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ. ಅದಕ್ಕೂ ಮೊದಲು, ಇವತ್ತೇ, ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ. ಬೂರುಲ್ ನಿಂತದ್ದು ಮೂರು ವಾರ ತಡವಾಗಿ.